ಅಮೋನಿಯಾ ನನ್ನ ಕೈಗೆ ಸಿಕ್ಕ ಬಗೆ

ನಮ್ಮಪ್ಪ ಮನೆಗೆ ಬಂದದ್ದು ನನಗೆ ಹೆಜ್ಜೆ ಸದ್ದಿಗಿಂತ ಮೊದಲು ವಾಸನೆಯಿಂದ ಗೊತ್ತಾಗುತ್ತಿತ್ತು. ಗೋವಿಂದರಾಜನಗರದಲ್ಲಿ ನಾವಿದ್ದದ್ದು ಮೊದಲ ಮಹಡಿಯ ಬಾಡಿಗೆ ಮನೆ. ಅಪ್ಪ ಕೆಳಗಿನ ಗೇಟು ತೆಗೆದು ಮೆಟ್ಟಿಲು ಹತ್ತಲು ಶುರು ಮಾಡಿದರೆ ಸಾಕು, ಅವರ ಅಂಗಿಯ ಘಾಟು ನನ್ನ ಮೂಗಿಗೆ ಬಡಿಯುತ್ತಿತ್ತು. "ಅಮ್ಮಾ, ಅಪ್ಪ ಬಂದ್ರು" ಎಂದು ನಾನು ಕೂಗಿದರೆ ಅಮ್ಮ ಕಾಫಿಗೆ ಹಾಲು ಇಡುತ್ತಿದ್ದಳು. ಆ ಅಂಗಿಗಳನ್ನು ಅವಳು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ಎಷ್ಟು ಒಗೆದರೂ ಘಾಟು ಹೋಗುವುದಿಲ್ಲ ಎಂಬುದು ಅವಳ ನಿತ್ಯದ ದೂರು.

ಅಪ್ಪ ಮಾಗಡಿ ರಸ್ತೆಯ ಬದಿಯ ಒಂದು ಐಸ್ ಫ್ಯಾಕ್ಟರಿಯಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದರು. ಮೀನಿನ ಅಂಗಡಿಗಳಿಗೆ, ಕಬ್ಬಿನ ಹಾಲಿನ ಗಾಡಿಗಳಿಗೆ, ಮದುವೆ ಛತ್ರಗಳಿಗೆ ಅಲ್ಲಿಂದ ಐಸಿನ ದಪ್ಪ ದಿಮ್ಮಿಗಳು ಗೋಣಿತಾಟು ಸುತ್ತಿಕೊಂಡು ಹೋಗುತ್ತಿದ್ದವು. ನೀರನ್ನು ಐಸು ಮಾಡುವ ಕೆಲಸ ನಡೆಯುತ್ತಿದ್ದದ್ದು ಅಮೋನಿಯಾ ಎಂಬ ಗ್ಯಾಸಿನಿಂದ. ಆ ಹೆಸರು ನನಗೆ ಅಕ್ಷರ ಕಲಿಯುವುದಕ್ಕೆ ಮುಂಚೆಯೇ ಗೊತ್ತಿತ್ತು. ಬೇರೆ ಮಕ್ಕಳಿಗೆ ಅಪ್ಪನ ಸ್ಕೂಟರಿನ ಬಣ್ಣ ಗೊತ್ತಿರುವ ಹಾಗೆ.

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬಿಸಿಲಿಗೆ ಮುಖ ಮಾಡಿದರೆ ಬೆಳಕಿದೆ ಎಂದು ತಿಳಿಯುತ್ತದೆ, ಅಷ್ಟೇ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವ ಕತೆಗೆಲ್ಲ ಅದು ಬೇಕು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಭಾನುವಾರ ಅಪ್ಪ ನನ್ನನ್ನು ಫ್ಯಾಕ್ಟರಿಗೆ ಕರೆದುಕೊಂಡು ಹೋದರು. ಅದು ನಾನೇ ಹಟ ಹಿಡಿದು ಕೇಳಿದ್ದು. ಒಳಗೆ ಹೋಗುವ ಮುಂಚೆ ಅವರು ನನ್ನ ಕೈಗೆ ಒಂದು ಒದ್ದೆ ಟವಲ್ ಕೊಟ್ಟರು.

"ಏನಾದ್ರೂ ಘಾಟು ಜಾಸ್ತಿ ಆಯ್ತು ಅಂದ್ರೆ ಇದನ್ನ ಮುಖಕ್ಕೆ ಮುಚ್ಕೊಂಡು ಬಗ್ಗಿ ನಡಿಬೇಕು. ನನ್ನ ಕೈ ಬಿಡಬಾರದು."

"ಒದ್ದೆ ಯಾಕಪ್ಪ?"

"ಆ ಗ್ಯಾಸಿಗೆ ನೀರು ಅಂದ್ರೆ ಇಷ್ಟ. ನೀರು ಕಂಡ್ರೆ ಅದ್ರೊಳಗೇ ಸೇರ್ಕೊಂಡುಬಿಡುತ್ತೆ. ಟವಲ್‌ನಲ್ಲೇ ನಿಂತ್ಕೊಳ್ಳುತ್ತೆ, ನಿನ್ನ ಮೂಗಿಗೆ ಬರಲ್ಲ."

ಒಳಗೆ ಕಂಪ್ರೆಸರ್ ನೆಲವನ್ನೇ ನಡುಗಿಸುತ್ತಿತ್ತು. ಅಪ್ಪ ನನ್ನ ಕೈ ಹಿಡಿದು ಒಂದು ಪೈಪಿನ ಹತ್ತಿರ ತಂದರು. ಮುಟ್ಟುವ ಮುಂಚೆಯೇ ಕಾವು ಬಡಿಯಿತು. "ಇದು ಮೆಷಿನ್ನಿಂದ ಹೊರಗೆ ಬರೋ ಗ್ಯಾಸು" ಎಂದರು. ಅಲ್ಲಿಂದ ಸ್ವಲ್ಪ ನಡೆಸಿಕೊಂಡು ಹೋಗಿ ಇನ್ನೊಂದು ಪೈಪಿನ ಮೇಲೆ ನನ್ನ ಬೆರಳು ಇಟ್ಟರು. ಅದರ ಮೇಲೆ ಹಿಮ ಕಟ್ಟಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಬೆರಳು ಅಂಟಿಕೊಳ್ಳುವ ಮೊದಲು ಅಪ್ಪ ಕೈ ಎಳೆದರು.

"ಇದೂ ಅದೇ ಗ್ಯಾಸು. ಉಪ್ಪುನೀರಿನ ತೊಟ್ಟಿಯೊಳಗೆ ಸುತ್ತಾಡಿ ಬರುತ್ತೆ. ಆ ತೊಟ್ಟೀಲಿ ನೀರಿನ ಡಬ್ಬ ಇಳಿಬಿಟ್ಟಿರ್ತೀವಿ. ಅದೆಲ್ಲ ಐಸಾಗುತ್ತೆ."

ಒಂದೇ ಪದಾರ್ಥ ಅಲ್ಲಿ ಮುಟ್ಟಲಾಗದಷ್ಟು ಬಿಸಿ, ಇಲ್ಲಿ ಕೈ ಮರಗಟ್ಟುವಷ್ಟು ತಣ್ಣಗೆ. ಯಾಕೆ ಎಂದು ಕೇಳಿದೆ. ಅಪ್ಪ, "ನಂಗೆ ಓಡಿಸೋದು ಗೊತ್ತಮ್ಮ. ಯಾಕೆ ಅಂತ ಓದಿದವರನ್ನ ಕೇಳ್ಬೇಕು" ಎಂದರು. ಮನೆಗೆ ಬರುವ ದಾರಿಯಲ್ಲಿ, ಬಿಟಿಎಸ್ ಎಂಬ ಹಳೆಯ ಹೆಸರಿನಿಂದಲೇ ಆಗಲೂ ಕರೆಯುತ್ತಿದ್ದ ಸಿಟಿ ಬಸ್ಸಿನಲ್ಲಿ ಅವರ ಪಕ್ಕ ಕೂತು ನಾನು ತೀರ್ಮಾನ ಮಾಡಿದೆ: ಬೇರೆಯವರನ್ನು ಕೇಳುವುದಲ್ಲ, ನಾನೇ ಓದುತ್ತೇನೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಕಣ್ಣು ಕಾಣದ ಮಕ್ಕಳು ಹತ್ತನೆಯ ತರಗತಿಯಲ್ಲಿ ವಿಜ್ಞಾನದ ಬದಲು ಬೇರೆ ವಿಷಯ ತೆಗೆದುಕೊಳ್ಳಬಹುದು. ಅದು ನಮ್ಮ ಅನುಕೂಲಕ್ಕೆಂದೇ ಮಾಡಿದ ನಿಯಮ. ಶಾಲೆಯಲ್ಲಿ ಎಲ್ಲರೂ ನಾನು ಹಾಗೇ ಮಾಡುತ್ತೇನೆ ಎಂದುಕೊಂಡಿದ್ದರು. ನಾನು ವಿಜ್ಞಾನವನ್ನೇ ಬರೆದೆ. ಅಮ್ಮ ಮಧ್ಯಾಹ್ನ ಕೆಲಸ ಮುಗಿಸಿ ಪಾಠ ಓದಿ ಹೇಳುತ್ತಿದ್ದಳು, ನಾನು ಬ್ರೈಲ್‌ನಲ್ಲಿ ಚುಚ್ಚಿಕೊಳ್ಳುತ್ತಿದ್ದೆ. ಅಮ್ಮ ಓದಿದ್ದು ಏಳನೆಯ ತರಗತಿವರೆಗೆ. 'ವಿದ್ಯುದ್ವಿಭಜನೆ' ಎನ್ನುವ ಪದ ಬಂದಾಗಲೆಲ್ಲ ನಿಂತು, ಉಸಿರು ತೆಗೆದುಕೊಂಡು, ತುಂಡು ತುಂಡಾಗಿ ಓದುತ್ತಿದ್ದಳು. ಒಮ್ಮೆಯೂ ಅದನ್ನು ಹಾರಿಸಿ ಮುಂದೆ ಹೋಗಲಿಲ್ಲ. ವಿಜ್ಞಾನದಲ್ಲಿ ನನಗೆ ತರಗತಿಗೇ ಹೆಚ್ಚು ಅಂಕ ಬಂತು.

ನಿಜವಾದ ಓಡಾಟ ಶುರುವಾದದ್ದು ಆಮೇಲೆ. ಪಿಯುಸಿಗೆ ಸೈನ್ಸ್ ಬೇಕು ಎಂದು ನಾನು ಮತ್ತು ಅಪ್ಪ ವಿಜಯನಗರ, ರಾಜಾಜಿನಗರದ ಕಾಲೇಜುಗಳನ್ನೆಲ್ಲ ಸುತ್ತಿದೆವು. ಎಲ್ಲ ಕಡೆಯೂ ನನ್ನನ್ನು ಕೂರಿಸಿ ನೀರು ಕೊಟ್ಟು ಒಳ್ಳೆಯ ಮಾತಿನಲ್ಲೇ ಇಲ್ಲ ಎಂದರು. "ಆರ್ಟ್ಸ್ ತಗೊಳ್ಳಮ್ಮ, ಚೆನ್ನಾಗಿ ಮಾರ್ಕ್ಸ್ ಬರುತ್ತೆ" ಎಂದರು ಒಬ್ಬರು. "ಲ್ಯಾಬಲ್ಲಿ ಆಸಿಡ್ ಇರುತ್ತೆ, ಬೆಂಕಿ ಇರುತ್ತೆ, ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" ಎಂದರು ಇನ್ನೊಬ್ಬರು. ಅವರು ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿ ಮಾತಾಡುತ್ತಿದ್ದರು. ದನಿ ಬರುವ ದಿಕ್ಕಿನಿಂದ ನನಗೆ ಅದು ಗೊತ್ತಾಗುತ್ತಿತ್ತು.

ಕೊನೆಗೆ ಬಸವೇಶ್ವರನಗರದ ಒಂದು ಕಾಲೇಜಿಗೆ ಹೋದೆವು. ಆ ದಿನ ಫ್ಯಾಕ್ಟರಿಯಲ್ಲಿ ಯಾವುದೋ ವಾಲ್ವ್ ಕೈಕೊಟ್ಟಿತ್ತು. ಅಪ್ಪ ಮನೆಗೆ ಬಂದು ಬಟ್ಟೆ ಬದಲಾಯಿಸಲು ಪುರುಸೊತ್ತು ಸಿಗದೆ ಡ್ಯೂಟಿ ಅಂಗಿಯಲ್ಲೇ ಬಂದಿದ್ದರು. ಪ್ರಿನ್ಸಿಪಾಲರು ತಮ್ಮ ಕೋಣೆಯಲ್ಲಿ ಅದೇ ಮಾತು ಶುರು ಮಾಡಿದ್ದರು. ಅಷ್ಟರಲ್ಲಿ ಯಾರೋ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಹೆಂಗಸಿನ ಚಪ್ಪಲಿಯ ಸದ್ದು. ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು.

"ಸಾರ್, ಇಲ್ಲಿ ಅಮೋನಿಯಾ ವಾಸನೆ ಬರ್ತಿದೆ. ಲ್ಯಾಬಿಂದ ಯಾರಾದ್ರೂ ಬಾಟ್ಲಿ ತಂದಿದಾರಾ?"

ಅಪ್ಪ ಕುರ್ಚಿಯಿಂದ ಎದ್ದರು. "ನನ್ನ ಅಂಗಿ ಮೇಡಂ. ಐಸ್ ಫ್ಯಾಕ್ಟರಿಯಿಂದ ನೇರ ಬಂದ್ಬಿಟ್ಟೆ. ಹೊರಗೆ ನಿಂತ್ಕೋತೀನಿ."

"ಪರವಾಗಿಲ್ಲ, ಕೂತ್ಕೊಳ್ಳಿ" ಎಂದರು ಅವರು. ಅವರೇ ಆ ಕಾಲೇಜಿನ ಕೆಮಿಸ್ಟ್ರಿ ಲೆಕ್ಚರರ್. ಪ್ರಿನ್ಸಿಪಾಲರು ನನ್ನ ವಿಷಯ ಹೇಳಿದರು. ಆಗ ಆ ಮೇಡಂ ದನಿ ನನ್ನ ಕಡೆಗೆ ತಿರುಗಿತು.

"ಈ ವಾಸನೆ ಬಗ್ಗೆ ನಿಂಗೇನು ಗೊತ್ತು, ಹೇಳು."

ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ, ಅದಕ್ಕೇ ಬಗ್ಗಿ ನಡೆಯಬೇಕು. ನೀರಿನಲ್ಲಿ ಬಹಳ ಕರಗುತ್ತದೆ, ಅದಕ್ಕೇ ಒದ್ದೆ ಟವಲ್. ಪ್ರತ್ಯಾಮ್ಲ. ಒಂದು ನೈಟ್ರೋಜನ್, ಮೂರು ಹೈಡ್ರೋಜನ್. ಒಂದು ಪೈಪಿನಲ್ಲಿ ಬಿಸಿ, ಇನ್ನೊಂದರಲ್ಲಿ ತಣ್ಣಗೆ. ಯಾಕೆ ಅಂತ ಗೊತ್ತಿಲ್ಲ, ಅದನ್ನು ತಿಳಿಯಲೆಂದೇ ಬಂದಿದ್ದೇನೆ.

"ಸೇರಿಸ್ಕೊಳ್ಳಿ ಸಾರ್. ಲ್ಯಾಬ್ ನಾನು ನೋಡ್ಕೋತೀನಿ" ಎಂದರು ಅವರು. ಅಪ್ಪ ನನ್ನ ಕೈ ಹಿಡಿದು ಬಸ್‌ಸ್ಟಾಪಿಗೆ ನಡೆಸಿಕೊಂಡು ಬಂದರು. ಆಮೇಲೆ, "ಅಂಗಿ ಬದಲಾಯಿಸಿದ್ರೆ ಕೆಲ್ಸ ಕೆಡ್ತಿತ್ತು ನೋಡು" ಎಂದು ನಕ್ಕರು.

ಆ ಲೆಕ್ಚರರ್, ನಮ್ಮ ಮಿಸ್, ನನಗೆ ಕಲಿಸಿದ ರೀತಿಯನ್ನು ಈಗ ನೆನೆದರೂ ಹೆಮ್ಮೆಯಾಗುತ್ತದೆ, ಅಂಥವರ ಕೈಯಲ್ಲಿ ಕಲಿತೆನಲ್ಲಾ ಎಂದು. ಅವರಿಗೆ ಅದಕ್ಕೆ ಯಾವ ತರಬೇತಿಯೂ ಇರಲಿಲ್ಲ. ಅವರೇ ಯೋಚಿಸಿ, ತಪ್ಪಿದರೆ ಇನ್ನೊಂದು ಬಗೆಯಲ್ಲಿ ಪ್ರಯತ್ನಿಸಿ ಕಲಿಸುತ್ತಿದ್ದರು. ಪುಸ್ತಕದಲ್ಲಿ ಅಣುಗಳ ಚಿತ್ರಗಳಿರುತ್ತವೆ. ನನಗೆ ಅವುಗಳಿಂದ ಉಪಯೋಗವಿಲ್ಲ. ಮೊದಲ ವಾರದಲ್ಲೇ ಒಂದು ದಿನ ಮಧ್ಯಾಹ್ನ ಅವರು ನನ್ನನ್ನು ಲ್ಯಾಬಿನಲ್ಲಿ ಕೂರಿಸಿ, ಮನೆಯಿಂದ ಡಬ್ಬಿಯಲ್ಲಿ ತಂದಿದ್ದ ಚಪಾತಿ ಹಿಟ್ಟಿನ ಉಂಡೆ ಒಂದನ್ನು ನನ್ನ ಕೈಗಿಟ್ಟರು. ಜೊತೆಗೆ ಮೂರು ಕಡ್ಡಿ, ಮೂರು ನೆನೆಸಿದ ಬಟಾಣಿ.

"ಉಂಡೆ ನೈಟ್ರೋಜನ್. ಬಟಾಣಿ ಹೈಡ್ರೋಜನ್. ಜೋಡ್ಸು ನೋಡೋಣ."

ನಾನು ಕಡ್ಡಿಗಳನ್ನು ಉಂಡೆಯ ಸುತ್ತ ಸಮನಾಗಿ ಚುಚ್ಚಿ ತುದಿಗೆ ಬಟಾಣಿ ಸಿಕ್ಕಿಸಿದೆ. ಫ್ಯಾನಿನ ಮೂರು ರೆಕ್ಕೆಗಳ ಹಾಗೆ ಚಪ್ಪಟೆಯಾಗಿ ಕೂತಿತು.

"ಎಲ್ಲರೂ ಹೀಗೇ ಮಾಡ್ತಾರೆ" ಎಂದರು ಮಿಸ್. ಆಮೇಲೆ ನನ್ನ ಬೆರಳನ್ನು ಉಂಡೆಯ ನೆತ್ತಿಯ ಮೇಲೆ ಒತ್ತಿ ಹಿಡಿದರು. "ಇಲ್ಲಿ ಒಂದು ಜೊತೆ ಎಲೆಕ್ಟ್ರಾನ್ ಕೂತಿದೆ. ಅದು ಯಾರ ಜೊತೆಗೂ ಸೇರಿಲ್ಲ. ಅದಕ್ಕೆ ಜಾಗ ಬೇಕು. ಕೆಳಗಿರೋ ಮೂರನ್ನೂ ತಳ್ಳುತ್ತೆ. ಈಗ ಕಡ್ಡಿಗಳನ್ನ ಕೆಳಗೆ ಬಗ್ಗಿಸು."

ಬಗ್ಗಿಸಿದೆ. ಮೇಜಿನ ಮೇಲಿಟ್ಟರೆ ಅದು ಮೂರು ಕಾಲಿನ ಮೇಲೆ ನಿಂತುಕೊಂಡಿತು. ನಮ್ಮ ಮನೆಯಲ್ಲಿ ಒಂದು ಮರದ ಮುಕ್ಕಾಲಿ ಇತ್ತು, ಅದೇ ಆಕಾರ. ಬೆರಳು ಆಡಿಸಿ ಆಡಿಸಿ ನೋಡಿದೆ. ವರ್ಷಗಳಿಂದ ಮೂಗಿಗೆ ಮಾತ್ರ ಗೊತ್ತಿದ್ದ ವಸ್ತುವಿಗೆ ಒಂದು ದೇಹ ಸಿಕ್ಕಿತ್ತು. ಮನಸ್ಸು ತುಂಬಿ ಬಂತು.

ಮಿಸ್ ಅಲ್ಲಿಗೆ ನಿಲ್ಲಿಸಲಿಲ್ಲ. ಇನ್ನೊಂದು ಬಟಾಣಿ ಕೊಟ್ಟರು. "ಇದು ಆಸಿಡ್‌ನಿಂದ ಬಂದಿರೋ ಹೈಡ್ರೋಜನ್. ಮೇಲೆ ಕೂತಿದೆಯಲ್ಲ, ಆ ಜೊತೆ ಇದನ್ನ ಹಿಡ್ಕೊಳ್ಳುತ್ತೆ." ನೆತ್ತಿಯ ಮೇಲೆ ನಾಲ್ಕನೆಯ ಕಡ್ಡಿ ಚುಚ್ಚಿದೆ. ಈಗ ಹೇಗೆ ಹೊರಳಿಸಿ ಇಟ್ಟರೂ ಅದು ಮೂರು ಕಾಲಿನ ಮೇಲೆ ಒಂದೇ ಥರ ನಿಲ್ಲುತ್ತಿತ್ತು. "ಅಮೋನಿಯಂ ಆಯ್ತು. ಈಗ ಅದಕ್ಕೆ ಹಾರಿ ಹೋಗೋ ಚಪಲ ಇಲ್ಲ. ಕ್ಲೋರೈಡ್ ಜೊತೆ ಸೇರಿ ಉಪ್ಪಾಗಿ ಕೂತ್ಕೊಳ್ಳುತ್ತೆ. ವಾಸನೇನೂ ಇರಲ್ಲ. ಆ ಉಪ್ಪೇ ನವಸಾಗರ. ನಿಮ್ಮಮ್ಮನಿಗೆ ಹೇಳಿ ತರ್ಸು, ಸುಣ್ಣ ಹಾಕಿ ಉಜ್ಜಿ ಮನೇಲೇ ನೋಡು" ಎಂದರು.

ಅಮ್ಮ ಮಾರೇನಹಳ್ಳಿಯಲ್ಲಿ ನಾರುಬೇರು, ಪೂಜೆ ಸಾಮಾನು ಮಾರುವ ಗ್ರಂಧಿಗೆ ಅಂಗಡಿಯಿಂದ ನವಸಾಗರ ತಂದಳು. ಪಕ್ಕದ ಬೀಡಾ ಅಂಗಡಿಯಿಂದ ಎಲೆಗೆ ಹಚ್ಚುವ ಸುಣ್ಣ. ನವಸಾಗರ ಹರಳು ಹರಳಾಗಿತ್ತು. ಮೂಸಿದರೆ ಏನೂ ಇಲ್ಲ. ಸುಣ್ಣವನ್ನು ಮೂಸಿದರೆ ಹಸಿ ಗೋಡೆಯ ವಾಸನೆ, ಅಷ್ಟೇ. ನಾನು ನವಸಾಗರದ ಹರಳನ್ನು ಕುಟ್ಟಿ ಪುಡಿ ಮಾಡಿ, ಚಿಟಿಕೆಯಷ್ಟನ್ನು ಅಂಗೈಯಲ್ಲಿಟ್ಟುಕೊಂಡು ಅದರ ಮೇಲೆ ಸ್ವಲ್ಪ ಸುಣ್ಣ ಹಾಕಿ ಹೆಬ್ಬೆರಳಿನಿಂದ ಉಜ್ಜಿದೆ. ಅಮ್ಮನ ಮುಖದ ಹತ್ತಿರ ಹಿಡಿದೆ. ಅವಳು ಹಿಂದಕ್ಕೆ ಸರಿದಳು.

"ಅಯ್ಯೋ, ಇದು ನಿಮ್ಮಪ್ಪನ ಅಂಗಿ ವಾಸನೆ ಅಲ್ವೇನೇ?"

"ಹೂಂ ಕಣಮ್ಮ. ನವಸಾಗರದೊಳಗೆ ಬಚ್ಚಿಟ್ಕೊಂಡಿತ್ತು. ಸುಣ್ಣ ಅದನ್ನ ಬಿಡಿಸ್ತು."

ಅಮ್ಮ ನನ್ನ ಕೈ ತೊಳೆಸಿ, ತಾನೂ ಒಮ್ಮೆ ಉಜ್ಜಿ ನೋಡಿದಳು. ಆಮೇಲೆ ಕೆಳಗಿನ ಮನೆಯವರನ್ನು ಕರೆದು ಅವರಿಗೂ ತೋರಿಸಿದಳು. "ನಮ್ಮ ಮಗಳು ಕಾಲೇಜಲ್ಲಿ ಕಲಿತಿದಾಳೆ" ಎನ್ನುತ್ತಿದ್ದದ್ದು ಒಳಗಿದ್ದ ನನಗೆ ಕೇಳಿಸುತ್ತಿತ್ತು.

ಆ ಎರಡು ವರ್ಷಗಳಲ್ಲಿ ಅಮೋನಿಯಾ ನನಗೆ ಎಲ್ಲೆಲ್ಲಿಯೂ ಸಿಗತೊಡಗಿತು. ಬ್ಯೂಟಿ ಪಾರ್ಲರಿನ ಮುಂದೆ ಹಾದು ಹೋದರೆ ಕೂದಲಿನ ಡೈಯಲ್ಲಿ. ಗಾಜು ಒರೆಸುವ ದ್ರಾವಣದಲ್ಲಿ. ವಿಜಯನಗರ ಬಸ್‌ಸ್ಟ್ಯಾಂಡಿನ ಆಚೆ ಒಂದು ಗೋಡೆಯಿದೆ, ಗಂಡಸರು ಅದನ್ನು ಯಾವ ಕೆಲಸಕ್ಕೆ ಬಳಸುತ್ತಾರೆಂದು ಎಲ್ಲರಿಗೂ ಗೊತ್ತು. ಬಿಸಿಲೇರಿದರೆ ಅಲ್ಲಿಯೂ ಅದೇ. ಗಿಡಗಳಿಗೆ ಹಾಕುವ ಯೂರಿಯಾವನ್ನು ತಯಾರಿಸುವುದೂ ಅಮೋನಿಯಾದಿಂದಲೇ ಎಂದು ಓದಿದ ದಿನ ನನಗೆ ಬಹಳ ಆಶ್ಚರ್ಯವಾಯಿತು. ಗಾಳಿಯಲ್ಲಿ ಸುಮ್ಮನೆ ಇರುವ ನೈಟ್ರೋಜನ್ನನ್ನು ಹೈಡ್ರೋಜನ್ ಜೊತೆ ಕೂಡಿಸಿ, ಒತ್ತಿ, ಕಾಯಿಸಿ ಅಮೋನಿಯಾ ಮಾಡುತ್ತಾರೆ. ಅದರಿಂದ ಗೊಬ್ಬರ, ಗೊಬ್ಬರದಿಂದ ಭತ್ತ, ರಾಗಿ. ಊಟಕ್ಕೆ ಕೂತಾಗ ಇದನ್ನು ಹೇಳಿದರೆ ಅಪ್ಪ, "ಹಾಗಾದ್ರೆ ನನ್ನ ಅಂಗೀನ ಬೈಯೋದು ಬಿಡಿ ಇನ್ಮೇಲೆ" ಎಂದು ಅಮ್ಮನಿಗೆ ಕೇಳುವ ಹಾಗೆ ಹೇಳಿದರು.

ಐಸ್ ಫ್ಯಾಕ್ಟರಿಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಮಿಸ್ ನನ್ನ ಮುಂಗೈ ಮೇಲೆ ಒಂದು ತೊಟ್ಟು ಸ್ಪಿರಿಟ್ ಹಾಕಿ ಊದಿದರು. ತಣ್ಣಗಾಯಿತು. ದ್ರವ ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ಪಕ್ಕದಲ್ಲಿರುವುದರಿಂದ ಕಿತ್ತುಕೊಳ್ಳುತ್ತದೆ. ದ್ರವ ಅಮೋನಿಯಾ ಸೊನ್ನೆಗಿಂತ ಮೂವತ್ತಮೂರು ಡಿಗ್ರಿ ಕೆಳಗೇ ಕುದಿದುಬಿಡುತ್ತದೆ. ಅದು ಪೈಪಿನೊಳಗೆ ಕುದಿಯುತ್ತಾ ಉಪ್ಪುನೀರಿನ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಕಂಪ್ರೆಸರ್ ಅದನ್ನು ಮತ್ತೆ ಒತ್ತಿ ಹಿಂಡಿದಾಗ ಆ ಶಾಖ ಹೊರಗೆ ಬರುತ್ತದೆ. ಅಂದು ಸಂಜೆ ಅಪ್ಪ ಬರುವುದನ್ನೇ ಕಾದಿದ್ದು, ಅವರು ಚಪ್ಪಲಿ ಬಿಡುವ ಮುಂಚೆಯೇ ಹೇಳಲು ಶುರು ಮಾಡಿದೆ. ಅವರು ಕಾಫಿ ಲೋಟ ಕೈಯಲ್ಲಿ ಹಿಡಿದು ಪೂರ್ತಿ ಕೇಳಿದರು. ನಡುವೆ ಎರಡು ಸಲ "ಇನ್ನೊಂದ್ಸಲ ಹೇಳು" ಎಂದರು. ಮಾರನೆಯ ದಿನ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಅದನ್ನೇ ಹೇಳಿದ್ದರಂತೆ, ನಮ್ಮ ಮಗಳು ಹೇಳಿದ್ದು ಎಂದು.

ಲ್ಯಾಬಿನಲ್ಲಿ ನಾನು ಮಾಡಿದ ಒಂದು ಪ್ರಯೋಗವನ್ನು ಮರೆಯಲಾರೆ. ಅಮೋನಿಯಾ ತುಂಬಿದ ಗಾಜಿನ ಬುರುಡೆಯನ್ನು ತಲೆಕೆಳಗಾಗಿಸಿ, ಅದರ ಕೊಳವೆಯನ್ನು ನೀರಿನಲ್ಲಿ ಇಳಿಬಿಟ್ಟು, ಒಳಗೆ ಒಂದೆರಡು ಹನಿ ನೀರು ಬಿಡಬೇಕು. ಆ ಹನಿಗಳಲ್ಲೇ ಅಷ್ಟೂ ಗ್ಯಾಸು ಕರಗಿ ಬುರುಡೆ ಬರಿದಾಗುತ್ತದೆ. ಕೆಳಗಿನ ನೀರು ತಾನಾಗಿ ಕಾರಂಜಿಯಂತೆ ಮೇಲಕ್ಕೆ ನುಗ್ಗುತ್ತದೆ. ತರಗತಿಯವರು, ಸೂಚಕ ಬೆರೆಸಿಟ್ಟಿದ್ದ ಆ ನೀರು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನೋಡುತ್ತಿದ್ದರು. ನಾನು ಬುರುಡೆಯ ಹೊರಮೈಗೆ ಬೆರಳು ತಾಗಿಸಿಕೊಂಡಿದ್ದೆ. ಒಳಗೆ ನೀರು ಗಾಜಿಗೆ ಬಡಿಯುವ ಪೆಟ್ಟು ಬೆರಳಿಗೆ ಗೊತ್ತಾಗುತ್ತಿತ್ತು. ಅಪ್ಪನ ಒದ್ದೆ ಟವಲ್ಲಿನ ಮಾತು ಎಷ್ಟು ನಿಜ ಎಂದು ಆಗ ತಿಳಿಯಿತು.

ಎರಡನೆಯ ಪಿಯುಸಿಯ ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು. ಅದಕ್ಕೆ ಮಿಸ್ ಮತ್ತು ನಾನು ವರ್ಷವಿಡೀ ತಯಾರಿ ನಡೆಸಿದ್ದೆವು. ಬಾಟಲಿಗಳಿಗೆಲ್ಲ ದಪ್ಪ ಕಾಗದದಲ್ಲಿ ಬ್ರೈಲ್ ಹೆಸರು ಚುಚ್ಚಿ ಟೇಪಿನಿಂದ ಅಂಟಿಸಿದ್ದೆ. ದ್ರವ ಅಳೆಯಲು ಸಿರಿಂಜಿನ ಹಿಡಿಗೆ ಬ್ಲೇಡಿನಿಂದ ಗೀರು ಹಾಕಿಕೊಂಡಿದ್ದೆ, ಬೆರಳಿಗೆ ಗೀರು ಸಿಕ್ಕಿದಲ್ಲಿಗೆ ಅಳತೆ. ಬೆಂಕಿಯ ಬದಲು ಬಿಸಿನೀರಿನ ಬೀಕರ್. ಕೊಟ್ಟ ಉಪ್ಪು ಯಾವುದೆಂದು ಕಂಡುಹಿಡಿಯಬೇಕಾದಾಗ ನನ್ನ ದೊಡ್ಡ ಆಸರೆ ಮೂಗು. ಕೆಲವು ಉಪ್ಪುಗಳು ಆಸಿಡ್ ಹಾಕಿದರೆ ಕೊಳೆತ ಮೊಟ್ಟೆಯ ವಾಸನೆ ಕೊಡುತ್ತವೆ, ಕೆಲವು ವಿನೆಗರ್ ವಾಸನೆ. ಕೆಲವು ಬುಸ್ಸೆಂದು ನೊರೆಯುಕ್ಕುತ್ತವೆ, ಅದು ಕಿವಿಗೆ ಸಾಕು.

ಪರೀಕ್ಷೆಯ ಹಿಂದಿನ ದಿನ ನನಗೆ ಶೀತವಾಯಿತು. ಅಂಥಿಂಥ ಶೀತವಲ್ಲ, ಮೂಗು ಪೂರ್ತಿ ಕಟ್ಟಿತು. ಅಮ್ಮ ಶುಂಠಿ ಕಷಾಯ ಕುಡಿಸಿದಳು, ಬಿಸಿನೀರಿನ ಆವಿ ಹಿಡಿಸಿದಳು. ಬೆಳಿಗ್ಗೆ ನನ್ನ ಮುಂದೆ ಕಾಫಿ ಇಟ್ಟಾಗ ಅದು ಕಾಫಿ ಎಂದು ಗೊತ್ತಾದದ್ದು ಲೋಟ ಮುಟ್ಟಿದ ಮೇಲೆಯೇ. ನಾನು ಅತ್ತುಬಿಟ್ಟೆ. ಬೇರೆಯವರಿಗೆ ಪರೀಕ್ಷೆಯ ದಿನ ಕಣ್ಣು ಹೋದಂತೆ ಅದು. ಅಪ್ಪ ನನ್ನ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಹೋಗಿ ನೋಡೋಣ ಬಾ. ಬರಲ್ಲ ಅಂದ್ರೆ ಬರಲ್ಲ ಅಂತ ಅಲ್ಲೇ ಹೇಳೋಣ, ಮನೇಲಿ ಕೂತು ಹೇಳೋದು ಬೇಡ" ಎಂದರು.

ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು, ಗಡಸು ದನಿ. ನನ್ನನ್ನು ನೋಡಿ ಮಿಸ್‌ಗೆ, "ಈ ಹುಡುಗಿ ಪ್ರಾಕ್ಟಿಕಲ್ ಮಾಡ್ತಾಳಾ? ಅನುಮತಿ ಇದೆ, ಸರಿ. ಕಾಗದದಲ್ಲಿ ಇದ್ರೆ ಆಯ್ತಾ?" ಎಂದರು.

"ಮಾಡ್ಲಿ ಸಾರ್. ನೀವೇ ಪಕ್ಕದಲ್ಲಿ ನಿಂತು ನೋಡಿ" ಎಂದರು ಮಿಸ್.

"ಬಣ್ಣ ಹೇಗೆ ಗೊತ್ತಾಗುತ್ತೆ?"

"ನೀವು ಹೇಳಿ ಸಾರ್" ಎಂದೆ ನಾನು. "ಏನು ಕಾಣ್ಸುತ್ತೆ ಅಂತ ಮಾತ್ರ ಹೇಳಿ. ಅದಕ್ಕೆ ಅರ್ಥ ಏನು ಅನ್ನೋದು ನಾನು ಹೇಳ್ತೀನಿ."

ಅವರು ಗಂಟಲು ಸರಿಮಾಡಿಕೊಂಡು ಒಂದು ಸ್ಟೂಲು ಎಳೆದು ನನ್ನ ಎದುರಿಗೆ ಕೂತರು.

ನನಗೆ ಕೊಟ್ಟ ಉಪ್ಪು ಹರಳುಗಳ ಪುಡಿ. ಬಣ್ಣ ಕೇಳಿದೆ, ಬಿಳಿ ಎಂದರು. ನೀರಿನಲ್ಲಿ ಹಾಕಿ ಕಲಕಿದೆ, ಗಾಜಿನ ಕಡ್ಡಿಗೆ ಏನೂ ತಡೆಯಲಿಲ್ಲ, ಕರಗಿತ್ತು. ಕೈಗೆ ಬೀಕರ್ ತಣ್ಣಗಾದ ಹಾಗೆ ಅನಿಸಿತು. ಆಸಿಡ್ ಹಾಕಿದಾಗ ಬುಸ್ಸೆನ್ನಲಿಲ್ಲ. ಮೂಗು ಏನನ್ನೂ ಹೇಳಲಿಲ್ಲ. ಒಂದು ಪ್ರನಾಳದಲ್ಲಿ, ಅಂದರೆ ಟೆಸ್ಟ್ ಟ್ಯೂಬಿನಲ್ಲಿ, ಉಪ್ಪು ಹಾಕಿ, ಕಾಸ್ಟಿಕ್ ಸೋಡಾ ದ್ರಾವಣ ಸೇರಿಸಿ, ಬಿಸಿನೀರಿನ ಬೀಕರಿನಲ್ಲಿ ಇಟ್ಟೆ. ಆಮೇಲೆ ಮಿಸ್ ಕಲಿಸಿದ್ದಂತೆ ಪ್ರನಾಳವನ್ನು ದೂರದಲ್ಲೇ ಹಿಡಿದು ಅಂಗೈಯಿಂದ ಗಾಳಿಯನ್ನು ನನ್ನ ಕಡೆಗೆ ಬೀಸಿಕೊಂಡೆ. ಏನೂ ಇಲ್ಲ. ಮತ್ತೆ ಬೀಸಿಕೊಂಡೆ. ಕಟ್ಟಿದ ಮೂಗಿನಲ್ಲಿ ಉಸಿರೇ ಆಡುತ್ತಿರಲಿಲ್ಲ, ವಾಸನೆ ಎಲ್ಲಿಂದ ಬರಬೇಕು.

ಅಷ್ಟರಲ್ಲಿ ನನ್ನ ಕಣ್ಣು ಚುರುಗುಟ್ಟಿತು. ಮೊದಲು ಬಲಗಣ್ಣು, ಆಮೇಲೆ ಎರಡೂ. ನೀರು ತುಂಬಿಕೊಂಡಿತು. ನಾನು ಪ್ರನಾಳವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಹೇಳಿದೆ.

"ಅಮೋನಿಯಾ ಸಾರ್. ಇದು ಅಮೋನಿಯಂ ಉಪ್ಪು."

"ನಿನ್ನ ದನಿ ಕೇಳಿದ್ರೆ ಮೂಗು ಕಟ್ಟಿರೋ ಹಾಗಿದೆ. ವಾಸನೆ ಗೊತ್ತಾಯ್ತಾ?"

"ವಾಸನೆ ಗೊತ್ತಾಗ್ಲಿಲ್ಲ ಸಾರ್. ಕಣ್ಣು ಉರೀತು. ಅಮೋನಿಯಾ ನೀರಿರೋ ಕಡೆ ಹೋಗಿ ಕರಗುತ್ತೆ. ಕಣ್ಣಲ್ಲಿ ನೀರಿದೆಯಲ್ಲ."

ನಾನು ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ಪ್ರನಾಳದ ಬಾಯಿಗೆ ಹಿಡಿದು ಬಣ್ಣ ಕೇಳಿದೆ. "ನೀಲಿ" ಎಂದರು. ಗಡಸು ಸ್ವಲ್ಪ ಇಳಿದಿತ್ತು. ಮುಂದೆ ಸಿಲ್ವರ್ ನೈಟ್ರೇಟ್ ಹಾಕಿದಾಗ, "ಮೊಸರಿನ ಥರ ಬೆಳ್ಳಗೆ ಒಡೀತಮ್ಮ" ಎಂದು ನಾನು ಕೇಳುವ ಮುಂಚೆಯೇ ಹೇಳಿದರು. ಅದಕ್ಕೆ ಅಮೋನಿಯಾ ದ್ರಾವಣ ಹಾಕಿದೆ. "ಕರಗಿತು, ಪೂರ್ತಿ ತಿಳಿಯಾಯ್ತು" ಎಂದರು. ಅಮೋನಿಯಂ ಕ್ಲೋರೈಡ್ ಎಂದೆ. ನವಸಾಗರ.

ಕೊನೆಗೆ ಮೌಖಿಕ ಪ್ರಶ್ನೆಗಳು. "ಅಮೋನಿಯಾದ ಆಕಾರ ಹೇಳು."

ನಾನು ಬಾಯಲ್ಲಿ ಹೇಳುವ ಬದಲು ಮೂರು ಬೆರಳ ತುದಿಗಳನ್ನು ಮೇಜಿನ ಮೇಲೆ ಊರಿ ಅಂಗೈಯನ್ನು ಮೇಲೆತ್ತಿ ಹಿಡಿದೆ. "ಇವು ಹೈಡ್ರೋಜನ್. ಅಂಗೈ ನೈಟ್ರೋಜನ್. ಮೇಲೆ ಕೈಬೆನ್ನ ಮೇಲೆ ಒಂಟಿ ಜೊತೆ ಎಲೆಕ್ಟ್ರಾನ್. ಬೆರಳುಗಳ ನಡುವಿನ ಕೋನ ಸುಮಾರು ನೂರ ಏಳು ಡಿಗ್ರಿ. ಇಲ್ಲಿ ನನ್ನ ಬೆರಳಲ್ಲಿ ಅಷ್ಟು ಬರಲ್ಲ ಸಾರ್."

ಅವರು ನಕ್ಕರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ. "ಚಿತ್ರ ನೋಡಿದವರಲ್ಲಿ ಎಷ್ಟೋ ಜನ ಇದನ್ನ ಚಪ್ಪಟೆ ಅಂತಾರೆ" ಎಂದು ಮಿಸ್‌ಗೆ ಹೇಳಿ ಸಹಿ ಹಾಕಿದರು.

ಬೇಕಾದ ಉಪ್ಪೇ ಬಂತು, ಅದೃಷ್ಟ ಎಂದು ಆಮೇಲೆ ಕೆಲವರು ಹೇಳಿದರು. ಇರಬಹುದು. ನನಗೆ ಅದರ ಬಗ್ಗೆ ಜಗಳವಿಲ್ಲ. ಬೇರೆ ಯಾವುದೇ ಉಪ್ಪು ಬಂದಿದ್ದರೂ ನಾನು ಮಾಡುತ್ತಿದ್ದೆ, ಅಷ್ಟು ಅಭ್ಯಾಸ ಮಾಡಿದ್ದೆ. ಆದರೆ ನನ್ನ ಹೆಮ್ಮೆ ಇರುವುದು ಇನ್ನೊಂದು ಕಡೆ. ಜನ ನನ್ನಲ್ಲಿ ಇಲ್ಲ ಎಂದು ಎಣಿಸಿದ್ದ ಕಣ್ಣುಗಳೇ ಆ ದಿನ ನನಗೆ ಉತ್ತರ ಹೇಳಿದವು. ಅದರ ಅರ್ಥ ಬಿಡಿಸಿಕೊಳ್ಳಲು ಬೇಕಾದ ಓದು ನನ್ನಲ್ಲಿತ್ತು. ಹೊರಗೆ ಕಾರಿಡಾರಿನಲ್ಲಿ ಕಾಯುತ್ತಿದ್ದ ಅಪ್ಪ ನನ್ನ ಒದ್ದೆ ಕಣ್ಣು ನೋಡಿ ಗಾಬರಿಯಾದರು. "ಅಮೋನಿಯಾ ಅಪ್ಪ" ಎಂದೆ. ಅವರಿಗೆ ಅಷ್ಟೇ ಸಾಕಾಯಿತು. ನನ್ನ ಬೆನ್ನ ಮೇಲೆ ಕೈಯಿಟ್ಟು, ಎದುರಿನ ದರ್ಶಿನಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದರು. ಅದರ ವಾಸನೆಯೂ ನನಗೆ ಬರಲಿಲ್ಲ. ಆದರೂ ಅಷ್ಟು ಸಂತೋಷದಿಂದ ನಾನು ಯಾವ ದೋಸೆಯನ್ನೂ ತಿಂದಿಲ್ಲ.

ನಾನು ಪಾಸಾದೆ, ಚೆನ್ನಾಗಿಯೇ. ಬಿಎಸ್ಸಿ, ಎಂಎಸ್ಸಿ, ಬಿಎಡ್ ಮಾಡಿದೆ. ಪ್ರತಿಯೊಂದು ಬಾಗಿಲಿನಲ್ಲೂ ಮತ್ತೆ ಅದೇ ಪ್ರಶ್ನೆಗಳು ಬಂದವು, ಆದರೆ ಆ ಹೊತ್ತಿಗೆ ನನಗೆ ಉತ್ತರ ಅಭ್ಯಾಸವಾಗಿತ್ತು. ಈಗ ಚಂದ್ರಾ ಲೇಔಟಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬೋರ್ಡಿನ ಮೇಲೆ ಬರೆಯುವ ಕೆಲಸ ಮಕ್ಕಳದು, ಹೇಳುವ ಕೆಲಸ ನನ್ನದು. ಯಾರು ಗಮನ ಕೊಡುತ್ತಿಲ್ಲ ಎನ್ನುವುದು ಕುರ್ಚಿ ಕಿರುಗುಟ್ಟುವುದರಲ್ಲೇ ತಿಳಿದುಬಿಡುತ್ತದೆ. ಮಿಸ್ ರಿಟೈರ್ ಆಗಿ ಕೆಂಗೇರಿಯ ಕಡೆ ಮನೆ ಮಾಡಿದ್ದಾರೆ. ಹೊಸ ಪಾಠ ಕಲಿಸುವ ಮುಂಚೆ ಒಮ್ಮೊಮ್ಮೆ ಫೋನ್ ಮಾಡುತ್ತೇನೆ. "ನೀನು ಹೇಗೆ ಮಾಡ್ತೀಯ, ಮೊದ್ಲು ಅದನ್ನ ಹೇಳು" ಎಂದು ಅವರೇ ನನ್ನನ್ನು ಕೇಳುತ್ತಾರೆ.

ಕಳೆದ ಶನಿವಾರ ಅಮ್ಮನ ಜೊತೆ ತರಕಾರಿ ತರಲು ಹೋಗಿದ್ದೆ. ಹೊಸದಾಗಿ ಅಂಗಡಿ ಇಟ್ಟಿರುವ ಹೆಂಗಸು ನನ್ನ ಕೈಯಲ್ಲಿದ್ದ ಕೋಲು ನೋಡಿ, ಅಮ್ಮನಿಗೆ ಮೆಲ್ಲಗೆ, "ಪಾಪ, ನಿಮ್ಮ ಮಗಳಾ?" ಎಂದಳು. ಅಮ್ಮ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದಳು, ಟಕ್ ಟಕ್ ಎಂದು ಸದ್ದು ಬರುತ್ತಿತ್ತು.

"ನನ್ನ ಮಗಳೇ" ಎಂದಳು. "ಪಾಪ ಯಾಕೆ? ಕೆಮಿಸ್ಟ್ರಿ ಟೀಚರ್ ಅವಳು. ಈ ಬೆಂಡೆಕಾಯಿ ಬಲಿತಿದೆ, ಎಳೇದು ನೋಡಿ ಅರ್ಧ ಕೆಜಿ ಹಾಕಿ."